ಎರಡನೇ ಸಾಲನ್ನು ಯಾರು ನೋಡುತ್ತಾರೆ

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

ನಮಸ್ಕಾರ. ನಾವಿಬ್ಬರೂ ಚೆನ್ನಾಗಿದ್ದೇವೆ. ಗುಬ್ಬಿ ನನ್ನ ಭುಜ ದಾಟಿ ಬೆಳೆದಿದ್ದಾಳೆ, ಮಾತು ಮಾತ್ರ ನಿಮ್ಮದೇ, ನಿಲ್ಲಿಸಿದರೂ ನಿಲ್ಲುವುದಿಲ್ಲ. ಈ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರಾ ಎಂದು ನೀವು ನಗಬಹುದು. ನಗಿ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವುದರೊಳಗೆ ನೀವು ಮೂರು ಹೇಳಿ ಮುಗಿಸಿರುತ್ತೀರಿ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಬರುವುದಿಲ್ಲ. ಹಾಗಾಗಿ ದಯವಿಟ್ಟು ಕೊನೆಯ ತನಕ ಓದಿ.

ಮೊದಲು ಜಂಬದ ಸುದ್ದಿ. ಮೂವತ್ತೇಳು ಮಕ್ಕಳ ಬ್ರೈಲ್ ಪ್ರಶ್ನೆಪತ್ರಿಕೆಗಳು ಮೊನ್ನೆ ಗುರುವಾರ ನಮ್ಮ ಮುದ್ರಣಾಲಯದಿಂದ ಹೊರಟವು. ಶನಿವಾರ ಕೊನೆಯ ದಿನವಾಗಿತ್ತು, ಎರಡು ದಿನ ಮುಂಚೆಯೇ ಕಳಿಸಿದೆವು. ಹೊಸ ಕಂಪ್ಯೂಟರಿನಲ್ಲಿ, ಹೊಸ ಆವೃತ್ತಿಯ ಸಾಫ್ಟ್‌ವೇರಿನಲ್ಲಿ, ನಿಮಗೆ ಒಂದೇ ಒಂದು ಫೋನೂ ಮಾಡದೆ. ಮಾಡಿದ್ದು ನಾನು. ಈ ಮಾತನ್ನು ಬರೆದು ಎರಡು ಸಲ ಓದಿಕೊಂಡೆ, ಎಷ್ಟು ಚೆನ್ನಾಗಿದೆ ನೋಡಿ.

ಇದರಲ್ಲೇನು ಮಹಾ ಎಂದು ನಿಮಗನ್ನಿಸಬಹುದು. ನನ್ನ ಸೇವಾ ಕಡತದಲ್ಲಿರುವ ಹಾಳೆಯನ್ನು ನೀವು ಮರೆತಿದ್ದರೆ ಜ್ಞಾಪಿಸುತ್ತೇನೆ. ಐದು ವರ್ಷದ ಹಿಂದೆ ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ಹದಿನಾಲ್ಕನೇ ಪ್ರಶ್ನೆಯ ಅರ್ಧ ಭಾಗವೇ ಬಿಟ್ಟುಹೋಗಿತ್ತು. ನದಿ ಪಾತ್ರ ಬದಲಿಸಲು ಮೂರು ಕಾರಣ ಕೊಡಿ ಎಂಬಲ್ಲಿಗೆ ಪ್ರಶ್ನೆ ಮುಗಿದಿತ್ತು. ದಡದ ಜನರ ಮೇಲೆ ಅದರ ಪರಿಣಾಮ ಬರೆಯಿರಿ ಎಂಬ ಮುಂದಿನ ಭಾಗ ಮಕ್ಕಳ ಬೆರಳಿಗೆ ಸಿಗಲೇ ಇಲ್ಲ. ಅರ್ಧವೇ ಪೂರ್ತಿ ಪ್ರಶ್ನೆಯ ಹಾಗೆ ಓದಿಸಿಕೊಳ್ಳುತ್ತಿದ್ದುದರಿಂದ ಪ್ರೂಫ್ ನೋಡಿದವರಿಗೂ ಗೊತ್ತಾಗಲಿಲ್ಲ. ಆ ಪ್ರಶ್ನೆಯಿಂದಾಗಿ ಒಬ್ಬ ಹುಡುಗಿ ಎರಡು ಅಂಕದಲ್ಲಿ ನಪಾಸಾಗಿ ಒಂದು ವರ್ಷ ಕಳೆದುಕೊಂಡಳು. ವಿಚಾರಣೆ ನಡೆಯಿತು. ಗೋಪ್ಯತೆಗಾಗಿ ನಾವು ಪ್ರಶ್ನೆಪತ್ರಿಕೆ ಅಚ್ಚಾದ ದಿನವೇ ಟೈಪ್ ಮಾಡಿದ ಫೈಲನ್ನು ಅಳಿಸುತ್ತೇವಲ್ಲ, ಹಾಗಾಗಿ ನಾನು ಪೂರ್ತಿ ಟೈಪ್ ಮಾಡಿದ್ದೆ ಎನ್ನಲು ಸಾಕ್ಷಿಯೇ ಇರಲಿಲ್ಲ. ಟೈಪ್ ಮಾಡಿದ್ದನ್ನು ಬ್ರೈಲಿಗೆ ತಿರುಗಿಸುವ ಪ್ರೋಗ್ರಾಮು ಬರೆದವರು ಆಗ ಅಲ್ಲೇ ಕೆಲಸದಲ್ಲಿದ್ದ ನೀವು. ನಿಮ್ಮನ್ನು ಕೇಳಿದರು. ಪ್ರೋಗ್ರಾಮಿನಲ್ಲೇನೂ ತೊಂದ್ರೆ ಇಲ್ಲ, ಇವಳು ಟೈಪ್ ಮಾಡುವಾಗ ಬಿಟ್ಟಿರಬೇಕು ಎಂದಿರಿ. ತಡವರಿಸಲೂ ಇಲ್ಲ.

"ನಿರ್ಲಕ್ಷ್ಯ" ಎಂದು ನನ್ನ ಕಡತದಲ್ಲಿ ಬರೆದರು. ಇನ್ನೊಂದು ಸಲ ಹೀಗಾದರೆ ಗಣಕ ವಿಭಾಗದಿಂದ ತೆಗೆದು ಬೈಂಡಿಂಗಿಗೆ ಹಾಕುವುದಾಗಿಯೂ ಬರೆದರು. ನಾನು ಆ ಹುಡುಗಿಯ ಮನೆಗೆ ಹೋಗಿ, ನನ್ನ ತಪ್ಪು, ಕ್ಷಮಿಸು ಎಂದು ಅವಳ ಕೈ ಹಿಡಿದು ಅತ್ತು ಬಂದೆ. ಮರುವರ್ಷ ನೀವು ಬೇರೆ ಊರಿನ ಕೆಲಸ ಹಿಡಿದು ಹೊರಟಿರಿ. ನಾನು ಹಿಂದೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ನೂರು ಜನ ಕೇಳಿದ್ದಾರೆ, ನೂರು ಉತ್ತರ ಕೊಟ್ಟಿದ್ದೇನೆ. ನಿಜವಾದದ್ದು ಇದು. ಆ ದಿನ ನೀವು ಒಂದು ಸಲವಾದರೂ ನೋಡ್ತೀನಿ ತಡೀರಿ ಎನ್ನಬಹುದಿತ್ತು, ಅನ್ನಲಿಲ್ಲ.

ಈಗ ಈ ವರ್ಷದ ಕಥೆ ಕೇಳಿ. ಫೆಬ್ರವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ನಮ್ಮ ಹಳೇ ಕಂಪ್ಯೂಟರು ಕೈಕೊಟ್ಟಿತು. ಯಾರೂ ಏನನ್ನೂ ಅಪ್‌ಡೇಟ್ ಮಾಡಕೂಡದು ಎಂದು ನೀವು ಕೆಂಪು ಶಾಯಿಯಲ್ಲಿ ಚೀಟಿ ಅಂಟಿಸಿದ್ದಿರಲ್ಲ, ಅದೇ. ಹನ್ನೊಂದು ವರ್ಷ ಇಡೀ ಮುದ್ರಣಾಲಯ ಆ ಚೀಟಿಗೆ ಹೆದರಿಕೊಂಡೇ ಬದುಕಿತ್ತು. ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು, ಅಲ್ಲಿಗೆ ಮುಗಿಯಿತು. ಮಾರನೆಯ ದಿನವೇ ಹೊಸದನ್ನು ತಂದಿಟ್ಟರು. ಅದಕ್ಕೆ ನಿಮ್ಮ ಪ್ರೋಗ್ರಾಮನ್ನು ಓಡಿಸುವ ಹಳೇ ಸಾಫ್ಟ್‌ವೇರು ಸುಲಭಕ್ಕೆ ಒಗ್ಗುವುದಿಲ್ಲವೆಂದು ಹೊಸ ಆವೃತ್ತಿಯನ್ನೇ ಹಾಕಿಕೊಟ್ಟು ಹೋದರು. ನಿಮ್ಮ ಪ್ರೋಗ್ರಾಮು, ಅದು ಆತುಕೊಂಡಿರುವ, ಬೇರೆಯವರು ಬರೆದಿಟ್ಟ ಸಣ್ಣ ಸಣ್ಣ ಪ್ರೋಗ್ರಾಮುಗಳ ಪ್ಯಾಕೇಜುಗಳು, ಎಲ್ಲವೂ ನಾನು ಪ್ರತಿ ತಿಂಗಳು ಪ್ರತಿ ತೆಗೆದಿಡುತ್ತಿದ್ದ ಡಿಸ್ಕಿನಲ್ಲಿ ಭದ್ರವಾಗಿದ್ದವು. ಟೈಪ್ ಮಾಡಿದ ಪುಟವನ್ನು ಚುಕ್ಕಿಗೆ ತಿರುಗಿಸುವುದು ಆ ಪ್ರೋಗ್ರಾಮೇ. ಅದು ಓಡದಿದ್ದರೆ ಪ್ರಶ್ನೆಪತ್ರಿಕೆಯಿಲ್ಲ.

ಮುಖ್ಯಸ್ಥರು ನನ್ನ ಮೇಜಿನ ಹತ್ತಿರ ಬಂದು ನಿಂತು, ಅವರಿಗೆ ಒಂದು ಫೋನ್ ಮಾಡಿಬಿಡಮ್ಮ, ಮನಸ್ತಾಪ ಎಲ್ಲ ಆಮೇಲೆ ಇದ್ದಿದ್ದೇ ಎಂದರು. ನಾಲ್ಕು ದಿನ ಕೊಡಿ ಸಾರ್ ಎಂದೆ. ಬಾಯಿಂದ ಬಂದುಬಿಟ್ಟಿತು. ಈ ಸಲವೂ ಏನಾದರೂ ತಪ್ಪಿದರೆ ಅಂಟು, ದಾರ, ಸೂಜಿಯೇ ಗತಿ ಎಂಬುದು ನನಗೆ ಗೊತ್ತಿತ್ತು. ಬೈಂಡಿಂಗ್ ಕೆಲಸ ಕೀಳೆಂದಲ್ಲ. ನನಗೆ ನನ್ನ ಕೆಲಸ ಬೇಕಿತ್ತು.

ಮೊದಲು ಮಾಡಬಾರದ್ದನ್ನೇ ಮಾಡಿದೆ. ಹಳೇ ಪ್ಯಾಕೇಜುಗಳಿದ್ದ ಫೋಲ್ಡರನ್ನು ಇಡಿಯಾಗಿ ಎತ್ತಿ ಹೊಸ ಆವೃತ್ತಿಯ ಹೊಟ್ಟೆಗೆ ತುರುಕಿದೆ. ಮನೆ ಬದಲಿಸುವಾಗ ಬೀರುವನ್ನು ಬಟ್ಟೆ ಸಮೇತ ಎತ್ತುವುದಿಲ್ಲವೇ, ಹಾಗೆ. ಕೆಲವು ಓಡಿದವು, ಕೆಲವು ಕುಂಟಿದವು, ಕೆಲವು ತಾವು ಹಳೇ ಆವೃತ್ತಿಗಾಗಿ ಕಟ್ಟಲ್ಪಟ್ಟವು ಎಂದು ಗೊಣಗಿ ಸುಮ್ಮನಾದವು. ಯಾವುದು ಸರಿ, ಯಾವುದು ತಪ್ಪು ಎಂದು ಹೇಳಲು ಬಾರದ ಸ್ಥಿತಿಯಾಯಿತು. ಅರ್ಧ ದಿನ ಹಾಗೇ ಒದ್ದಾಡಿ, ಎಲ್ಲವನ್ನೂ ಅಳಿಸಿ, ಗುಬ್ಬಿಯ ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡು ಕೂತೆ.

ನಿಮ್ಮ ಪ್ರೋಗ್ರಾಮು ಒಟ್ಟು ಮೂವತ್ತೊಂದು ಪ್ಯಾಕೇಜು ಕೇಳುತ್ತದೆ. ನಿಮಗೇ ಲೆಕ್ಕ ಗೊತ್ತಿತ್ತೋ ಇಲ್ಲವೋ. ಒಂದೊಂದರ ಹೆಸರು, ನಮ್ಮಲ್ಲಿದ್ದ ಆವೃತ್ತಿ, ಈಗಿನ ಆವೃತ್ತಿ, ಎಲ್ಲವನ್ನೂ ಗೆರೆ ಎಳೆದು ಬರೆದೆ. ಯಾವುದು ಹಳತಾಗಿದೆ ಎಂದು ಸಾಫ್ಟ್‌ವೇರನ್ನೇ ಕೇಳಿದರೆ ಅದೇ ಪಟ್ಟಿ ಕೊಡುತ್ತದೆಂಬುದು ಆಗ ತಿಳಿಯಿತು. ಇಷ್ಟು ವರ್ಷ ಕೇಳಿರಲೇ ಇಲ್ಲವಲ್ಲ! ಇಪ್ಪತ್ತಾರು ಪ್ಯಾಕೇಜುಗಳು ತಕರಾರಿಲ್ಲದೆ ಹೊಸದಾದವು. ಎರಡರಲ್ಲಿ ಆಜ್ಞೆಗಳ ಹೆಸರು ಬದಲಾಗಿತ್ತು, ಎಲ್ಲೆಲ್ಲಿದೆಯೋ ಅಲ್ಲೆಲ್ಲ ತಿದ್ದಿದೆ. ಉಳಿದ ಮೂರನ್ನು ಬರೆದವರೇ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಅದರಲ್ಲಿ ಎರಡಕ್ಕೆ ಬದಲಿ ಹುಡುಕಿದೆ. ಮೂರನೆಯದರಿಂದ ನೀವು ಬಳಸುತ್ತಿದ್ದದ್ದು ಒಂದೇ ಒಂದು ಸಣ್ಣ ಕೆಲಸ, ಸಾಲಿನ ಕೊನೆಯ ಖಾಲಿ ಜಾಗ ಅಳಿಸುವುದು. ಅದಕ್ಕೆ ಒಂದು ಇಡೀ ಪ್ಯಾಕೇಜು! ನಾನೇ ಆರು ಸಾಲು ಬರೆದು ಸೇರಿಸಿದೆ. ಆ ಆರು ಸಾಲು ಓಡಿದಾಗ ಎದ್ದು ನಿಂತು ಚಪ್ಪಾಳೆ ಹೊಡೆದೆ. ಪಕ್ಕದ ಕೋಣೆಯ ಬೈಂಡಿಂಗಿನವರು ಗಾಬರಿಯಾಗಿ ಬಂದು ನೋಡಿ ಹೋದರು.

ಕೊನೆಗೆ ಉಳಿದದ್ದು ನಿಮ್ಮ ಪ್ರೋಗ್ರಾಮು. ಅದು ಮೊದಲ ಪ್ಯಾರಾದಲ್ಲೇ ಕೆಂಪು ಅಕ್ಷರ ತೋರಿಸಿ ನಿಂತುಬಿಟ್ಟಿತು. ನಿಮಗೆ ಅರ್ಥವಾಗುತ್ತದೆ, ಆದರೂ ನಾನು ತಿಳಿದುಕೊಂಡ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ಹೇಳಿ. ಬ್ರೈಲ್ ಹಾಳೆಯಲ್ಲಿ ಒಂದು ಸಾಲಿಗೆ ನಲವತ್ತೇ ಮನೆ, ಅಂದರೆ ಚುಕ್ಕಿಯ ಅಕ್ಷರ ಕೂರುವ ಜಾಗ. ಅದಕ್ಕಿಂತ ಉದ್ದವಿದ್ದರೆ ಸಾಲನ್ನು ಮುರಿದು ಕೆಳಗೆ ತರಬೇಕು. ಸಾಲು ಉದ್ದವಿದೆಯೇ ಎಂದು ಪ್ರೋಗ್ರಾಮು ಕೇಳುತ್ತದೆ. ಪ್ಯಾರಾದಲ್ಲಿ ನಾಲ್ಕು ಸಾಲಿದ್ದರೆ ನಾಲ್ಕು ಉತ್ತರ ಬರುತ್ತವೆ. ಹಳೇ ಆವೃತ್ತಿ ಮೊದಲ ಉತ್ತರವನ್ನು ಇಟ್ಟುಕೊಂಡು ಉಳಿದ ಮೂರನ್ನು ಬಿಸಾಕುತ್ತಿತ್ತು, ಬಿಸಾಕುವಾಗ ಹಳದಿ ಬಣ್ಣದಲ್ಲಿ ಒಂದು ಎಚ್ಚರಿಕೆ ಕೊಡುತ್ತಿತ್ತು, ಅಷ್ಟೇ. ಹೊಸ ಆವೃತ್ತಿ ಹಾಗೆ ಬಿಡುವುದಿಲ್ಲ. ಇದು ತಪ್ಪು ಎಂದೇ ಹೇಳಿ ಕೆಲಸ ನಿಲ್ಲಿಸುತ್ತದೆ.

ಈ ತಪ್ಪು ಬಂದರೆ ಏನು ಮಾಡಬೇಕೆಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಮೊದಲ ಉತ್ತರವನ್ನೇ ತಗೋ ಎಂದು ನೀವೇ ಹೇಳಿಬಿಡಿ, ಬಾಯಿ ಮುಚ್ಚಿಕೊಳ್ಳುತ್ತದೆ ಎಂದು ಯಾರೋ ಪುಣ್ಯಾತ್ಮರು ಬರೆದಿದ್ದರು. ಹಾಗೇ ಮಾಡಿದೆ. ಕೆಂಪು ಅಕ್ಷರ ಮಾಯ. ಹೋದ ವರ್ಷದ ವಿಜ್ಞಾನ ಪುಸ್ತಕವನ್ನು ಹೊಸ ಯಂತ್ರದಲ್ಲಿ ಓಡಿಸಿ, ಹಳೇ ಯಂತ್ರ ಕೊಟ್ಟಿದ್ದರ ಜೊತೆ ಹೋಲಿಸಿ ನೋಡಿದೆ. ಇನ್ನೂರ ಹತ್ತು ಪುಟದಲ್ಲಿ ಒಂದೇ ಒಂದು ಚುಕ್ಕಿಯೂ ಹೆಚ್ಚುಕಡಿಮೆ ಇರಲಿಲ್ಲ. ಮಾರ್ಚ್ ಒಂದು, ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆ. ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ಖುಷಿಯಲ್ಲಿ ಇನ್ಸ್‌ಪೆಕ್ಟರನ್ನು ಟೀ ಕುಡಿಯಲು ಎಳೆದುಕೊಂಡು ಹೋದೆ. ಇನ್ಸ್‌ಪೆಕ್ಟರ್ ಎಂದರೆ ನಮ್ಮ ಪ್ರೂಫ್ ರೀಡರ್. ಒಂದು ಚುಕ್ಕಿ ತಗ್ಗಾಗಿದ್ದರೂ ಪುಟ ವಾಪಸು ಕಳಿಸುತ್ತಾಳೆಂದು ನಾವೆಲ್ಲ ಇಟ್ಟ ಹೆಸರು. ನೀವು ಹೋದ ಮೇಲೆ ಸೇರಿದವಳು. ಆದರೆ ನಿಮಗೆ ಅವಳು ಗೊತ್ತು. ಎರಡು ಅಂಕದಲ್ಲಿ ಒಂದು ವರ್ಷ ಕಳೆದುಕೊಂಡ ಹುಡುಗಿ ಅವಳೇ. ಈಗ ಇಪ್ಪತ್ತೆರಡು ವರ್ಷ. ಕೆಲಸಕ್ಕೆ ಅರ್ಜಿ ಹಾಕಿದಾಗ, ಇಲ್ಲಿ ಸರಿಯಾಗಿ ಓದುವವರು ಒಬ್ಬರು ಬೇಕು ಅನ್ನೋದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಸಾರ್ ಎಂದು ಸಂದರ್ಶನದಲ್ಲೇ ಕೇಳಿದಳಂತೆ. ನನ್ನನ್ನು ಅಕ್ಕ ಎನ್ನುತ್ತಾಳೆ. ನನ್ನ ಪುಟಗಳನ್ನು ಮಾತ್ರ ಎರಡು ಸಲ ಓದುತ್ತಾಳೆ. ಅದು ನನಗೆ ಗೊತ್ತಿತ್ತು, ಪ್ರತಿ ಸಲ ಒಳಗೊಳಗೇ ಚುಚ್ಚುತ್ತಿತ್ತು, ಕೇಳಲು ಮುಖವಿರಲಿಲ್ಲ.

ಟೀ ಕುಡಿಯುತ್ತ ನನ್ನ ಸಾಹಸವನ್ನೆಲ್ಲ ಕೊಚ್ಚಿಕೊಂಡೆ. ನಾಲ್ಕು ಉತ್ತರ ಬರುತ್ತವೆ, ಮೊದಲನೇದು ಸಾಕು ಅಂದೆ, ಸರಿಹೋಯಿತು ಎಂದೆ. ಅವಳು ಲೋಟ ಕೆಳಗಿಟ್ಟಳು. ಅಕ್ಕಾ, ಹಾಗಾದ್ರೆ ಎರಡನೇ ಸಾಲನ್ನ ಯಾರು ನೋಡ್ತಾರೆ ಎಂದು ಕೇಳಿದಳು.

ಯಾರೂ ನೋಡುವುದಿಲ್ಲ. ಹನ್ನೊಂದು ವರ್ಷದಿಂದ ಯಾರೂ ನೋಡಿಲ್ಲ. ಸಾಮಾನ್ಯವಾಗಿ ಪ್ಯಾರಾದ ಮೊದಲ ಸಾಲೇ ಉದ್ದವಿರುತ್ತದೆ, ಆಗ ಪ್ಯಾರಾ ಪೂರ್ತಿ ಮುರಿದು ಸರಿಯಾಗುತ್ತದೆ. ಮೊದಲ ಸಾಲು ಚಿಕ್ಕದಿದ್ದು ಎರಡನೆಯದು ಉದ್ದವಿದ್ದರೆ ಪ್ರೋಗ್ರಾಮು ಮುರಿಯುವುದೇ ಇಲ್ಲ, ಯಂತ್ರ ನಲವತ್ತು ಮನೆ ಒತ್ತಿ ಉಳಿದದ್ದನ್ನು ಬಿಟ್ಟುಬಿಡುತ್ತದೆ. ಹೋದ ವರ್ಷದ ಪುಸ್ತಕದಲ್ಲಿದ್ದ ಅದೇ ತಪ್ಪನ್ನು ಹೊಸ ಯಂತ್ರವೂ ಮಾಡಿ ತೋರಿಸಿದ್ದಕ್ಕೆ ನಾನು ಸಂಭ್ರಮಪಟ್ಟಿದ್ದೆ, ಎಂಥ ಪೆದ್ದಿ ನಾನು.

ಇಬ್ಬರೂ ಓಡುತ್ತಲೇ ಒಳಗೆ ಬಂದೆವು. ಅವಳಿಗೆ ಆ ಹದಿನಾಲ್ಕನೇ ಪ್ರಶ್ನೆ ಇವತ್ತಿಗೂ ಬಾಯಿಪಾಠ, ಅರ್ಧದ್ದೂ, ಪೂರ್ತಿಯದ್ದೂ. ಅವಳು ಹೇಳಿದಳು, ನಾನು ಟೈಪ್ ಮಾಡಿದೆ. ಮೊದಲ ಸಾಲು "ಉತ್ತರಿಸಿ", ಅಷ್ಟೇ. ಎರಡನೇ ಸಾಲಿನಲ್ಲಿ ಇಡೀ ಪ್ರಶ್ನೆ. ಓಡಿಸಿ, ಒಂದು ಹಾಳೆ ಒತ್ತಿ, ಬಿಸಿಬಿಸಿಯಾಗಿ ಅವಳ ಕೈಗೆ ಕೊಟ್ಟೆ. ಅವಳ ಬೆರಳು ಎಡದಿಂದ ಬಲಕ್ಕೆ ಹೋಗಿ "ಕಾರಣ ಕೊಡಿ" ಎಂಬಲ್ಲಿ ನಿಂತಿತು. ಮುಂದೆ ಬರೀ ಕಾಗದ. ನಲವತ್ತನೇ ಮನೆ ಸರಿಯಾಗಿ ಪದದ ಕೊನೆಗೇ ಬಂದಿತ್ತು, ನನ್ನ ಗ್ರಹಚಾರ. ಅವಳು ಆ ಖಾಲಿ ಜಾಗದ ಮೇಲೆ ಬೆರಳಾಡಿಸಿ ಆಡಿಸಿ ನೋಡಿದಳು. ಆಮೇಲೆ, ನೀವು ಬಿಟ್ಟಿರ್ಲಿಲ್ಲ ಅಕ್ಕ ಎಂದಳು.

ನಾನು ಜೋರಾಗಿ ಅತ್ತುಬಿಟ್ಟೆ. ಐದು ವರ್ಷ ನಾನೇ ಬಿಟ್ಟೆ ಎಂದು ನಂಬಿದ್ದೆ. ನೀವು ಹೇಳಿದಿರಲ್ಲ, ನಿಮಗಿಂತ ಚೆನ್ನಾಗಿ ಯಂತ್ರ ಬಲ್ಲವರು ಯಾರಿದ್ದಾರೆ ಎಂದು ನಂಬಿದ್ದೆ. ಅಂದಿನಿಂದ ಪ್ರತಿ ಪುಟವನ್ನೂ ಕಣ್ಣಲ್ಲಿ ಕಣ್ಣಿಟ್ಟು ಮೂರು ಸಲ ಓದುತ್ತಿದ್ದೆ, ಮನೆಯಲ್ಲಿ ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುತ್ತಿದ್ದೆ. ನನ್ನ ತಲೆಯನ್ನೇ ನಾನು ನಂಬದ ಹಾಗೆ ಆಗಿಹೋಗಿತ್ತು.

ಸೋಮವಾರ ಅದನ್ನು ತಿದ್ದಿದೆ. ಈಗ ಪ್ರತಿ ಸಾಲನ್ನೂ ಬೇರೆಬೇರೆಯಾಗಿ ಕೇಳುತ್ತದೆ. ಮಂಗಳವಾರ, ಬುಧವಾರ ಅಚ್ಚು ಹಾಕಿದೆವು. ಈ ವರ್ಷದ ಪತ್ರಿಕೆಗಳಲ್ಲೇ ಅಂಥ ಐದು ಪ್ರಶ್ನೆಗಳಿದ್ದವು. ಐದೂ ಪೂರ್ತಿಯಾಗಿ ಬಂದವು. ಇನ್ಸ್‌ಪೆಕ್ಟರ್ ಎಲ್ಲ ಪುಟಗಳನ್ನೂ ಓದಿ ಮುಗಿಸಿ, ನನ್ನ ಪುಟಗಳನ್ನು ಒಂದೇ ಸಲ ಓದಿದ್ದಾಗಿ ತಾನಾಗಿಯೇ ಹೇಳಿದಳು. ಹತ್ತು ವರ್ಷದ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡ ಬಹುಮಾನ ಯಾರೂ ಕೊಟ್ಟಿಲ್ಲ. ಈಗ ನಾವಿಬ್ಬರೂ ನಮ್ಮ ಗ್ರಂಥಾಲಯದ ಹಳೇ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮತ್ತೆ ಓಡಿಸುತ್ತಿದ್ದೇವೆ. ಇಷ್ಟರಲ್ಲೇ ಒಂಬತ್ತು ಕಡೆ ಬಿಟ್ಟುಹೋದ ಮಾತು ಸಿಕ್ಕಿದೆ.

ಪ್ರೋಗ್ರಾಮಿನ ತಲೆಯಲ್ಲಿ ಬರೆದವರು, ನೋಡಿಕೊಳ್ಳುವವರು ಎಂದು ಎರಡು ಸಾಲಿವೆಯಲ್ಲ. ಬರೆದವರು ಎಂಬಲ್ಲಿ ನಿಮ್ಮ ಹೆಸರು ಹಾಗೇ ಇದೆ. ನೋಡಿಕೊಳ್ಳುವವರು ಎಂಬಲ್ಲಿ ನನ್ನ ಹೆಸರು ಹಾಕಿದ್ದೇನೆ. ಯಾರನ್ನೂ ಕೇಳಲಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಇದೆ. ಪ್ರೋಗ್ರಾಮಿನಲ್ಲಿ ತಪ್ಪು ಮಾಡಿದ್ದಕ್ಕಲ್ಲ, ಅದು ಯಾರಿಗೂ ಆಗುತ್ತದೆ. ಹಳದಿ ಎಚ್ಚರಿಕೆಗಳೇ ಕಾಣದ ಹಾಗೆ ಮೇಲೊಂದು ಸಾಲು ಬರೆದು ಅವುಗಳ ಬಾಯಿ ಕಟ್ಟಿದ್ದೀರಿ, ಅದನ್ನೂ ನೋಡಿದೆ. ಯಾಕೆ ಹಾಗೆ ಮಾಡಿದಿರಿ ಎಂದು ನಾನು ಕೇಳುವುದಿಲ್ಲ. ಆ ದಿನ ವಿಚಾರಣೆಯ ಕೋಣೆಯಲ್ಲಿ ಒಂದು ಗಳಿಗೆ ತೆರೆದು ನೋಡದೆ ನನ್ನ ಕಡೆ ಬೆರಳು ತೋರಿಸಿದಿರಲ್ಲ, ಸಿಟ್ಟು ಅದಕ್ಕೆ.

ಶುಕ್ರವಾರ ಮುಖ್ಯಸ್ಥರಿಗೆ ಹದಿನಾಲ್ಕನೇ ಪ್ರಶ್ನೆಯ ಎರಡೂ ಹಾಳೆ, ತಿದ್ದುವ ಮೊದಲು ಒತ್ತಿದ್ದು, ತಿದ್ದಿದ ಮೇಲೆ ಒತ್ತಿದ್ದು, ತೋರಿಸಿದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ, ವರದಿ ಬರೆದು ಕೊಡಮ್ಮ, ಇಪ್ಪತ್ತನೇ ತಾರೀಕಿನ ಸಮಿತಿಯಲ್ಲಿ ಇಟ್ಟು ಆ ಮಾತನ್ನ ನಿನ್ನ ಕಡತದಿಂದ ತೆಗೆಸ್ತೀನಿ, ಪ್ರೋಗ್ರಾಮು ಬರೆದವರದ್ದೂ ಒಂದು ಸಹಿ ಇದ್ರೆ ಯಾರೂ ಕೊಂಕು ತೆಗೆಯೋ ಹಾಗಿಲ್ಲ ಎಂದರು. ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ. ಓದಿ. ನಿಜವೆನ್ನಿಸಿದರೆ ಸಹಿ ಹಾಕಿ ಕಳಿಸಿ. ಬೇಡಿಕೊಳ್ಳುತ್ತಿದ್ದೇನೆಂದು ತಿಳಿಯಬೇಡಿ. ನಿಮ್ಮ ಸಹಿ ಬಂದರೂ ಬಾರದಿದ್ದರೂ ಅದು ಇಪ್ಪತ್ತಕ್ಕೆ ಸಮಿತಿಗೆ ಹೋಗುತ್ತದೆ. ಬರಲಿ ಎಂದು ನನಗೆ ಆಸೆಯಿದೆ, ಅದನ್ನು ಮುಚ್ಚಿಡುವುದಿಲ್ಲ.

ಗುಬ್ಬಿಗೆ ನಾನೇ ಎಲ್ಲ ಹೇಳಿದೆ. ಅಮ್ಮ, ನೀನು ಅಪ್ಪನ ಪ್ರೋಗ್ರಾಮ್ ರಿಪೇರಿ ಮಾಡಿದ್ಯಾ ಎಂದು ಕಣ್ಣರಳಿಸಿದಳು. ಮಾಡಿದೆ ಕಣೇ ಎಂದೆ.

ಇಂತಿ,
ನಿಮ್ಮ ಪ್ರೋಗ್ರಾಮನ್ನು ಈಗ ನೋಡಿಕೊಳ್ಳುತ್ತಿರುವವಳು,
ಗುಬ್ಬಿಯ ಅಮ್ಮ

ತಾ.ಕ.: ಕಾಗದವನ್ನು ಮಡಚುವ ಮುಂಚೆ ಇನ್ಸ್‌ಪೆಕ್ಟರಿಗೆ ಓದಿ ಹೇಳಿದೆ. ಎಲ್ಲ ಕೇಳಿಸಿಕೊಂಡು, ನಿನ್ನೆ ನನ್ನ ಹತ್ರ ಹೇಳಿದ್ದನ್ನ ಅವರಿಗೆ ಬರೆದೇ ಇಲ್ವಲ್ಲ ಅಕ್ಕ ಎಂದಳು. ಬರೆಯುವ ಮನಸ್ಸಿರಲಿಲ್ಲ. ಬರೆಯುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ಯಾರಾಕ್ಕೊಂದು ಹಳದಿ ಸಾಲು ಬರುತ್ತಿತ್ತು. ಏನೋ ಹಾಳುಮಾಡಿದೆನೆಂದು ಪ್ರತಿ ಸಲ ನಿಮ್ಮ ಕೋಣೆಗೆ ಓಡಿ ಬರುತ್ತಿದ್ದೆ. ಅವು ಕಾಣದ ಹಾಗೆ ಮಾಡಿಕೊಡಿ ಎಂದು ನಾನೇ ನಿಮ್ಮನ್ನು ಗೋಗರೆದೆ. ನೀವು ನಕ್ಕು, ನನ್ನ ತಲೆ ಸವರಿ, ಒಂದು ನಿಮಿಷದಲ್ಲಿ ಮಾಡಿಕೊಟ್ಟಿರಿ. ವಿಚಾರಣೆಯ ದಿನ ನಿಮಗೆ ಅದು ನೆನಪಿತ್ತೋ ಇಲ್ಲವೋ, ನನಗೆ ನೆನಪಿರಲಿಲ್ಲ. ಮೊದಲು ಬರೆದ ವರದಿಯನ್ನು ಇವತ್ತು ಬೆಳಿಗ್ಗೆ ಹರಿದುಹಾಕಿ, ಈ ಮಾತನ್ನೂ ಸೇರಿಸಿ ಹೊಸದಾಗಿ ಬರೆದೆ. ಇದನ್ನು ಓದಿದ ಮೇಲೆ ಸಮಿತಿಯವರು ಆ "ನಿರ್ಲಕ್ಷ್ಯ"ವನ್ನು ಅಳಿಸದೆಯೂ ಇರಬಹುದು. ಆದರೂ ಇದರ ಕೆಳಗೆ ನನ್ನ ಸಹಿ ಹಾಕಿದೆ. ಪಕ್ಕದಲ್ಲಿ ನಿಮಗೆ ಜಾಗ ಬಿಟ್ಟಿದ್ದೇನೆ.